ಪಂಚಮಿ ತಂದ ಕಾರು

ಲಿಖಿತ್,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನ ರ‍್ಯಾಲಿ ಕಾರನ್ನು ಇವತ್ತು ಮೂಡಿಗೆರೆಯ ನನ್ನ ಗ್ಯಾರೇಜಿಗೆ ಪಂಚಮಿ ತಂದಿದ್ದಳು. ನಾನು ಕೂತು ತಿರುವುಗಳನ್ನು ಹೇಳುತ್ತಿದ್ದ ಎಡಗಡೆ ಸೀಟಿನಲ್ಲಿ ಈಗ ಕೂರುವವಳು ಅವಳೇ.

"ದೊಡ್ಡ ಟರ್ಬೊ ಹಾಕಿದ್ಮೇಲೆ ಏರಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಾಲ್ತಿಲ್ಲ ಅಣ್ಣ. ನಿಮ್ಮ ಕೈಯಲ್ಲೇ ಮಾಡಿಸ್ಬೇಕು ಅಂತ ಲಿಖಿತ್ ಅಂದ್ರು," ಎಂದಳು.

ನೀನೇ ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಹೆಚ್ಚು ಪೆಟ್ರೋಲ್ ಹರಿಸುವ ದೊಡ್ಡ ಪಂಪು, ಹೊಸ ಇಂಜೆಕ್ಟರುಗಳನ್ನು ಕೂರಿಸಿ ಟ್ಯೂನ್ ಮಾಡಿದೆ. ಕೆಲಸ ಕೆಡಿಸಬೇಕು ಅನ್ನಿಸಿತು, ಕೈ ಒಪ್ಪಲಿಲ್ಲ.

"ಅವ್ರಿಗೆ ಏನಾದ್ರೂ ಹೇಳ್ಬೇಕಾ ಅಣ್ಣ?"

"ಮೊದಲು ಸ್ವಲ್ಪ ನಿಧಾನ ಓಡಿಸೋಕೆ ಹೇಳು ಮಾರಾಯ್ತಿ."

ಕಾರು ಏರು ಹತ್ತುವ ಸದ್ದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಒಂದು ಸಲವಾದರೂ ಎಂಜಿನ್ ತಡವರಿಸಲಿ, ಈ ಬಾರಿ ನೀನೇ ಬರುವಂತಾಗಲಿ ಎಂದುಕೊಂಡೆ.

ಅದು ತಡವರಿಸಲಿಲ್ಲ.