ಧ್ಯಾನ ಮಂದಿರಕ್ಕೆ ಒಂದು ಬೇಸಿನ್ನು ಬಿಸಿನೀರು

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ಮೊದಲು ಒಂದು ತಿದ್ದುಪಡಿ. ತಮ್ಮ ಆಸ್ಪತ್ರೆಯ ‘ಬುದ್ಧ ಧ್ಯಾನ ಮಂದಿರ’ವನ್ನು ಬಹುಕಾಲದಿಂದ ಪಾಳುಬಿದ್ದಿದ್ದ ಉಗ್ರಾಣವೊಂದನ್ನು ನವೀಕರಿಸಿ ನಿರ್ಮಿಸಲಾಗಿದೆ ಎಂದು ಉದ್ಘಾಟನೆಯ ವರದಿಯಲ್ಲಿ ಪ್ರಕಟವಾಗಿದೆ. ತಪ್ಪು. ಅದು ದಿಕ್ಕಿಲ್ಲದ ರೋಗಿಗಳ ವಾರ್ಡು. ಸುಣ್ಣಬಣ್ಣದವರು ಏಣಿ ತಂದು ಒರಗಿಸಿದ ದಿನದವರೆಗೂ ಅಲ್ಲಿ ಮನುಷ್ಯರು ಮಲಗಿದ್ದರು. ಮನುಷ್ಯರನ್ನು ಹಳೆಯ ಸಾಮಾನೆಂದು ಗಣಿಸುವುದಾದರೆ ಮಾತ್ರ ವರದಿ ಸರಿ. ಪತ್ರಿಕೆಗೆ ಮಾಹಿತಿ ಒದಗಿಸಿದವರು ತಾವೇ ಆದ್ದರಿಂದ, ತಾವು ಹಾಗೆಯೇ ಗಣಿಸಿದ್ದೀರೆಂದು ತಿಳಿಯುತ್ತೇನೆ.

ಎರಡನೆಯ ತಪ್ಪನ್ನು ತಾವು ಅಮೃತಶಿಲೆಯಲ್ಲಿ ಮಾಡಿಸಿದ್ದೀರಿ. ಮಂದಿರದ ಬಾಗಿಲ ಪಕ್ಕದ ಫಲಕ ಹೇಳುತ್ತದೆ: ‘ಮುಪ್ಪು, ರೋಗ, ಸಾವುಗಳನ್ನು ಕಂಡು ಬೇಸತ್ತ ರಾಜಕುಮಾರನು ಅವೆಲ್ಲವನ್ನೂ ತೊರೆದು ಶಾಂತಿಯನ್ನರಸಿ ಹೊರಟನು.’ ನನ್ನ ಚರಿತ್ರೆಯ ತರಗತಿಯಲ್ಲಿ ಯಾವ ಹುಡುಗನಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಟ್ಟು, ಆ ಸೊನ್ನೆಯನ್ನು ಎರಡು ಸಲ ತಿದ್ದಿ ದಪ್ಪ ಮಾಡುತ್ತಿದ್ದೆ. ಮುಪ್ಪು, ರೋಗ, ಸಾವುಗಳು ಕಣ್ಣಿಗೆ ಬೀಳದ ಜಾಗ ಯಾವುದೆಂದು ತಾವು ಬಲ್ಲಿರಾ? ಆತ ತೊರೆದು ಬಂದ ಅರಮನೆ. ಮಗನ ರಥ ಹೊರಟಾಗ ಮುದುಕರನ್ನೂ ರೋಗಿಗಳನ್ನೂ ದಾರಿಯಿಂದ ಸರಿಸಲು ಅರಸನು ಆಳುಗಳನ್ನಿಟ್ಟಿದ್ದನೆಂದು ಕಥೆ ಹೇಳುತ್ತದೆ. ಆ ಆಳುಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ತಮ್ಮ ಹೆಸರನ್ನಾದರೋ ಫಲಕದ ಕೆಳಗೆ ಚಿನ್ನದ ಬಣ್ಣದಲ್ಲಿ ಕೊರೆಯಲಾಗಿದೆ. ಬೌದ್ಧಧರ್ಮವನ್ನು ಅಪ್ಪಿದ ಸಾಮ್ರಾಟನೊಬ್ಬ ಬಂಡೆಗಳ ಮೇಲೆ ಕೊರೆಸಿದ್ದು, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆಂಬ ಮಾತನ್ನು. ಕಲ್ಲಿನ ಉಪಯೋಗ ಕಾಲಕಾಲಕ್ಕೆ ಬದಲಾಗುತ್ತದೆ.

ಆ ವಾರ್ಡಿನಲ್ಲಿ ನನ್ನ ಕ್ಷೌರಿಕನೂ ಇದ್ದ. ಹೆಂಡತಿ ಮಕ್ಕಳಿಲ್ಲದವನು. ಶಾಲೆಯ ಎದುರಿನ ಅವನ ಅಂಗಡಿಯಲ್ಲಿ ಮರದ ಕುರ್ಚಿ ಒಂದು, ಕನ್ನಡಿ ಒಂದು, ಊರಿನ ಸುದ್ದಿ ಬೇಕಾದಷ್ಟು. ಎರಡು ವರ್ಷದ ಹಿಂದೆ ನನ್ನ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಸಾಬೂನು ಹಚ್ಚುತ್ತಿದ್ದವನು ಹಾಗೆಯೇ ಕುಸಿದ. ಅರ್ಧ ಗಡ್ಡದಲ್ಲಿಯೇ ಅವನನ್ನು ತಮ್ಮ ಆಸ್ಪತ್ರೆಗೆ ತಂದವನು ನಾನು. ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಮೊದಲಿಗಿಂತ ಹರಿತವಾಯಿತು.

ಉದ್ಘಾಟನೆಗಾಗಿ ಅವನ ಮಂಚವನ್ನು ಒಗೆಯುವ ಕೋಣೆಯ ಮುಂದಿನ ಓಣಿಗೆ ತಳ್ಳಿದಿರಿ. ಒಂದು ಕಡೆ ಹಬೆ, ಇನ್ನೊಂದು ಕಡೆ ಬೀಸುಗಾಳಿ, ನಡುವೆ ಅವನು. ಅತಿಥಿಗಳಿಗೆ ಕಾಣಬಾರದೆಂದು ಅಡ್ಡವಾಗಿ ಒಂದು ಹಸಿರು ಪರದೆ. ಅಂದು ನಾನು ಹೋದಾಗ ಅವನು ಮಲಮೂತ್ರದಲ್ಲಿ ನೆನೆದು, ನೀರು ನೀರು ಎಂದು ಕೂಗುತ್ತಿದ್ದ. ಆಯಾ ಓಡಿಬಂದು ತನ್ನ ತುಟಿಯ ಮೇಲೆ ಬೆರಳಿಟ್ಟಳು.

“ತಾತಾ, ಕೂಗ್ಬೇಡಪ್ಪಾ! ಒಳಗೆ ದೊಡ್ಡವರೆಲ್ಲ ಮೌನ ಮಾಡ್ತಾ ಕೂತಿದ್ದಾರೆ. ಸಾಹೇಬ್ರು ನನ್ನ ಕೆಲಸ ತೆಗೀತಾರೆ.”

“ಅವ್ರು ಎಷ್ಟೊತ್ತು ಮಾಡ್ತಾರಮ್ಮ?”

“ಅರ್ಧ ಗಂಟೆ ಅಂತೆ.”

“ನನ್ನ ಅರ್ಧ ಮೈ ಎರಡು ವರ್ಷದಿಂದ ಮಾಡ್ತಾ ಇದೆ, ಯಾರೂ ಹಾರ ಹಾಕ್ಲಿಲ್ಲ. ನೀರು ಕೇಳ್ತಿರೋದು ಇನ್ನರ್ಧ, ತಾಯಿ.”

ನೀರು ಕುಡಿಸಿದೆ. ಒರೆಸಲು ಬಟ್ಟೆ ಕೇಳಿದರೆ, ಒಗೆದ ಬಟ್ಟೆಯೆಲ್ಲ ಅತಿಥಿಗಳ ಆಸನದ ಮೇಲೆ ಹಾಸಿದೆಯೆಂದು ಆಯಾ ಅತ್ತಳು. ಅವನನ್ನು ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ಹುಣ್ಣು ಕಂಡೆ. ನನ್ನ ಹಿಡಿ ಅದರೊಳಗೆ ಕೂರುತ್ತಿತ್ತು. ಅದನ್ನು ವರ್ಣಿಸುವುದಿಲ್ಲ, ತಾವು ವೈದ್ಯರು, ಊಹಿಸಿಕೊಳ್ಳುವ ಶಕ್ತಿ ಇನ್ನೂ ಉಳಿದಿರಬಹುದು.

ಮರುದಿನ ತಮ್ಮ ಕೊಠಡಿಗೆ ಬಂದೆ. ತಾವು ನನಗೆ ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ, ನಗುನಗುತ್ತಲೇ ಹೇಳಿದಿರಿ: “ಮೇಷ್ಟ್ರೇ, ಅವರೆಲ್ಲ ವಾಸಿಯಾಗೋ ಕೇಸಲ್ಲ. ಅವರಿಂದ ಯಾರಿಗೆ ಏನು ಉಪಯೋಗ ಹೇಳಿ? ಧ್ಯಾನ ಆದ್ರೆ ನಾಲ್ಕು ಜನ ಬರ್ತಾರೆ, ಆಸ್ಪತ್ರೆಗೆ ಹೆಸರು ಬರುತ್ತೆ.”

ಚಹಾ ಚೆನ್ನಾಗಿತ್ತು. ಮಾತು ಹಳೆಯದು, ಎರಡೂವರೆ ಸಾವಿರ ವರ್ಷದಷ್ಟು ಹಳೆಯದು. ಒಂದು ವಿಹಾರದಲ್ಲಿ ಭಿಕ್ಷುವೊಬ್ಬ ಭೇದಿಯಾಗಿ ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ. ಬುದ್ಧನ ಕಣ್ಣಿಗೆ ಬಿದ್ದ. ಉಳಿದವರನ್ನು ಕರೆದು, ಇವನನ್ನೇಕೆ ನೋಡಿಕೊಳ್ಳಲಿಲ್ಲ ಎಂದು ವಿಚಾರಿಸಿದರೆ ಅವರೆಂದರಂತೆ: ಇವನಿಂದ ನಮಗೇನೂ ಉಪಯೋಗವಿಲ್ಲ. ಆಗ ಆತ ಅವರನ್ನು ಕಣ್ಣು ಮುಚ್ಚಿ ಕುಳಿತುಕೊಳ್ಳಿರೆಂದು ಹೇಳಲಿಲ್ಲ. ಅದಕ್ಕೂ ಮೊದಲೇ ಶಿಷ್ಯ ಆನಂದನಿಂದ ನೀರು ತರಿಸಿ, ರೋಗಿಯನ್ನು ತಾನೇ ತೊಳೆದು, ತಲೆಯ ಕಡೆ ತಾನು, ಕಾಲ ಕಡೆ ಆನಂದ ಹಿಡಿದು ಮಂಚದ ಮೇಲೆ ಮಲಗಿಸಿದ್ದ. ನನ್ನನ್ನು ಉಪಚರಿಸಬೇಕೆನ್ನುವವನು ರೋಗಿಯನ್ನು ಉಪಚರಿಸಲಿ ಎಂದ. ಮನೆಮಠ, ಹೆತ್ತವರು, ಎಲ್ಲ ಬಿಟ್ಟು ಬಂದವರು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡಬೇಕು ಎಂಬುದು ಆತನ ವಾದ. ದಿಕ್ಕಿಲ್ಲದವರ ವಾರ್ಡಿನ ಅಡಿಗಲ್ಲು ಆ ವಾದವೇ. ತಾವು ಆ ಕಲ್ಲನ್ನು ಕಿತ್ತು, ಅದೇ ಜಾಗದಲ್ಲಿ ಆತನನ್ನು ಕೂರಿಸಿದ್ದೀರಿ. ಆತನ ಮುಖದಲ್ಲಿ ನಗು ಇದೆಯೆಂದು ತಾವು ಮೋಸಹೋಗಬೇಡಿ. ಶಿಲ್ಪಿ ಅದನ್ನು ಕೆತ್ತಿದಾಗ ಎಲ್ಲಿ ಇಡುತ್ತಾರೆಂದು ಅವನಿಗೆ ತಿಳಿದಿರಲಿಲ್ಲ.

ಶಾಕ್ಯ ರಾಜಕುಮಾರರು ಸಂಘ ಸೇರಲು ಹೊರಟಾಗ ಅವರ ಕ್ಷೌರಿಕ ಉಪಾಲಿಯೂ ಹಿಂಬಾಲಿಸಿದ. ಇವನಿಗೇ ಮೊದಲು ದೀಕ್ಷೆಯಾಗಲಿ, ಹಿರಿಯನೆಂದು ನಾವು ಇವನಿಗೆ ಬಾಗಬೇಕು, ನಮ್ಮ ಕುಲದ ಸೊಕ್ಕು ಮುರಿಯಬೇಕು ಎಂದು ರಾಜಕುಮಾರರೇ ಬೇಡಿಕೊಂಡರಂತೆ. ಬೌದ್ಧಧರ್ಮ ಸಮಾಜಕ್ಕೆ ಮಾಡಿದ್ದೇನು ಎಂಬ ಪ್ರಶ್ನೆಗೆ ನಾನು ಮಕ್ಕಳಿಗೆ ಹೇಳುತ್ತಿದ್ದ ಉತ್ತರ ಇದೇ: ಅರಸುಮಕ್ಕಳು ಕ್ಷೌರಿಕನ ಮುಂದೆ ಬಾಗಿದರು. ತಾವು ಬುದ್ಧನನ್ನು ಒಳಗೆ ತರಲು ಕ್ಷೌರಿಕನನ್ನು ಹೊರಗೆ ಹಾಕಿದಿರಿ.

ಈ ಕಥೆಯನ್ನು ನನ್ನ ಕ್ಷೌರಿಕನಿಗೂ ಹೇಳಿದೆ. “ಹಂಗಾದ್ರೆ ನಾನೇ ಸೀನಿಯರ್ರು ಅನ್ನಿ, ಮೇಷ್ಟ್ರೇ. ನನ್ನನ್ನ ಹೊರಗಿಟ್ಟು ಇವರೆಲ್ಲ ಒಳಗೆ ಕೂತಿದ್ದಾರಲ್ಲ!” ಎಂದು ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮಿಗೆ ಹುಣ್ಣು ಅಲುಗಿ ಕಿರುಚಿದ. ಮಂದಿರದ ಬಾಗಿಲನ್ನು ಯಾರೋ ಮೆಲ್ಲಗೆ ಮುಚ್ಚಿಕೊಂಡರು.

ಆದ್ದರಿಂದ ಇಂದು ಬೆಳಿಗ್ಗೆ, ಗುಡಿಸಲೆಂದು ಬಾಗಿಲು ತೆರೆದಿದ್ದಾಗ, ಅವನ ಮಂಚವನ್ನು ನಾನೇ ಒಳಗೆ ತಳ್ಳಿದ್ದೇನೆ. ಆಯಾಳನ್ನು ವಿಚಾರಿಸಬೇಡಿ, ಮಂಚಕ್ಕೆ ಚಕ್ರ ಹಾಕಿಸಿದವರು ತಾವು, ತಳ್ಳಿದವನು ನಾನು. ಅವನೀಗ ವಿಗ್ರಹದ ಪಾದದ ಬಳಿ ಇದ್ದಾನೆ. “ಗುಂಗುರು ಕೂದಲು, ಕತ್ತರಿ ಓಡೋದಿಲ್ಲ” ಎಂದು ವಿಗ್ರಹದ ತಲೆಯನ್ನು ಪರಿಶೀಲಿಸುತ್ತಿದ್ದಾನೆ. ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೆ ಕಳುಹಿಸಿ, ಇನ್ನೊಂದನ್ನು ತಮ್ಮ ಅಮೃತಶಿಲೆಯ ಮೇಲೆ, ತಮ್ಮ ಹೆಸರು ಮುಚ್ಚುವಂತೆ ಅಂಟಿಸಿ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡಿದ್ದೇನೆ.

ನನ್ನ ಬೇಡಿಕೆ: ವಾರ್ಡನ್ನು ವಾರ್ಡಾಗಿಯೇ ಮರಳಿಸಿ. ಓಣಿಯಲ್ಲಿ ಉಳಿದವರನ್ನು ಇಂದೇ ಒಳಗೆ ತನ್ನಿ. ವಿಗ್ರಹ ಇರಲಿ, ಆತ ರೋಗಿಗಳ ನಡುವೆ ಇದ್ದು ಅಭ್ಯಾಸವಿರುವವನು. ಕಾವಲುಗಾರರನ್ನು ಕಳುಹಿಸಿದರೆ ಚಿಲಕ ತೆಗೆಯುವುದಿಲ್ಲ. ತಾವೇ ಬನ್ನಿ. ತಮ್ಮ ಸೂಚನಾಫಲಕದಂತೆ ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಒಂದು ಬೇಸಿನ್ನು ಬಿಸಿನೀರು, ಒಗೆದ ಬಟ್ಟೆ ಹಿಡಿದು ಬನ್ನಿ. ಅವನು ಮತ್ತೆ ಒದ್ದೆ ಮಾಡಿಕೊಂಡಿದ್ದಾನೆ. ತಲೆಯ ಕಡೆ ತಾವು ಹಿಡಿಯಿರಿ, ಕಾಲ ಕಡೆ ನಾನು ಹಿಡಿಯುತ್ತೇನೆ.

ಇಂತಿ,
ತಮ್ಮಂಥ ಎಷ್ಟೋ ಮಂದಿಯನ್ನು ತೇರ್ಗಡೆ ಮಾಡಿ ಮುಂದಕ್ಕೆ ಕಳುಹಿಸಿದ
ನಿವೃತ್ತ ಚರಿತ್ರೆಯ ಮೇಷ್ಟ್ರು

೧೭ ಮಾರ್ಚ್ ೨೦೨೬, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನೀರು ಇನ್ನೂ ಬಂದಿಲ್ಲ.