ಜೋಡಿ ಸೈಕಲ್ಲಿನ ಹಿಂದಿನ ಸೀಟು

ಡಿಸೆಂಬರ್ ೮, ಸೋಮವಾರ

ಮುದ್ದಿನ ಮಗಳೇ,

ಚೆನ್ನಾಗಿದ್ದೀಯಾ? ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡದೆ ಕೂತಿದ್ದೆ, ಬೇಜಾರು ಮಾಡಿಕೊಳ್ಳಬೇಡ. ಕಣ್ಣು ಹೋಗಿ ಎಂಟು ತಿಂಗಳಾದರೂ ಮನಸ್ಸಿನ ಮಾತನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲು ಸಂಕೋಚ. ಈ ಅಕ್ಷರ ಬನ್ನಕ್ಕನದು. ನಮ್ಮ ಬೀದಿಯ ತಿರುವಿನಲ್ಲಿ ಹೊಸದಾಗಿ ಬೇಕರಿ ಹಾಕಿದ್ದಾಳೆ. ನನಗಿಂತ ಎಷ್ಟೋ ಚಿಕ್ಕವಳು, ಆದರೂ ಊರಿಗೆಲ್ಲ ಅಕ್ಕ.

ನಿನ್ನೆ ನಾನು ಸೈಕಲ್ ತುಳಿದೆ. ನಗಬೇಡ. ಬನ್ನಕ್ಕನ ಸೈಕಲ್ ಗುಂಪಿನ ಹತ್ತು ಜನರ ಜೊತೆ, ಸಮುದ್ರದ ದಂಡೆಯುದ್ದಕ್ಕೂ ಮೂವತ್ತು ಕಿಲೋಮೀಟರು. ನನಗೋಸ್ಕರ ಎಲ್ಲಿಂದಲೋ ಇಬ್ಬರೂ ತುಳಿಯುವ ಜೋಡಿ ಸೈಕಲ್ ತಂದಿದ್ದಳು. ಮುಂದೆ ಅವಳು, ಹಿಂದೆ ನಾನು.

"ಯಾಕಮ್ಮ ಈ ಮೂಟೆ ಹೊರ್ತೀಯ?" ಅಂದೆ.

"ಮೂಟೆಗೆ ಪೆಡಲ್ ಕೊಡ್ತಾರಾ ಟೈಲರಣ್ಣ? ತುಳೀರಿ ಸುಮ್ನೆ," ಅಂದಳು.

ದಾರಿಯುದ್ದಕ್ಕೂ ಬಾಯಿ ಬಿಡುವಿಲ್ಲದೆ ಹೇಳುತ್ತ ಹೋದಳು. ಎಡಕ್ಕೆ ಹೊಲ, ಬೇಲಿಯ ಮೇಲೆ ಒಣಹಾಕಿದ ಬಲೆ, ನಮ್ಮನ್ನೇ ದಿಟ್ಟಿಸುವ ಮೂರು ಹಸು. ಸಮುದ್ರದ ಬಣ್ಣ ಹೇಗಿದೆ ಎಂದು ಕೇಳಿದೆ. "ಸ್ಕೂಲ್ ಯೂನಿಫಾರಮ್ಮು ನಾಕು ಸಲ ಒಗೆದ ಮೇಲೆ ಆಗುತ್ತಲ್ಲ, ಆ ನೀಲಿ. ಅಂಚಿಗೆ ಬಿಳಿ ಪೈಪಿಂಗ್," ಅಂದಳು.

ಮೂವತ್ತೈದು ವರ್ಷ ಆ ಬಟ್ಟೆಯನ್ನೇ ಕತ್ತರಿಸಿದವನು ನಾನು. ಸಮುದ್ರ ಕಂಡೇಬಿಟ್ಟಿತು.

ಒಂದು ಏರಿನಲ್ಲಿ ಚೈನು ಕಳಚಿ ಸಿಕ್ಕಿಕೊಂಡಿತು. ಉಳಿದವರು ಮುಂದೆ ಹೋಗಿಯಾಗಿತ್ತು. "ನಂಗೆ ಹಿಟ್ಟು ನಾದೋದು ಬಿಟ್ರೆ ಬೇರೇನೂ ಬರಲ್ಲ," ಎಂದು ಅವಳು ಪೇಚಾಡಿದಳು. ನಾನು ರಸ್ತೆಯಲ್ಲೇ ಕೂತು, ಹೊಲಿಗೆ ಯಂತ್ರದಲ್ಲಿ ಸಿಕ್ಕಾದ ದಾರ ಬಿಡಿಸುವ ಹಾಗೆ, ತಡವಿ ತಡವಿ ಕೂರಿಸಿದೆ. ಕೈಯೆಲ್ಲ ಮಸಿ, ಮುಖವೆಲ್ಲ ನಗು.

ಆಮೇಲೆ ಇಳಿಜಾರು. "ಬ್ರೇಕ್ ಹಿಡೀಲಾ, ಬಿಡಲಾ?" ಎಂದು ಕೇಳಿದಳು.

ಮಗಳೇ, ಈ ಎಂಟು ತಿಂಗಳಲ್ಲಿ ಕೂರಿಸಿದವರು, ಎಬ್ಬಿಸಿದವರು, ದಾಟಿಸಿದವರು ಬೇಕಾದಷ್ಟು ಜನ. ನಿನಗೇನು ಬೇಕು ಎಂದು ಕೇಳಿದವಳು ಇವಳೊಬ್ಬಳೇ. "ಬಿಡಮ್ಮ," ಅಂದೆ. ಗಾಳಿ ಅಂಗಿಯೊಳಗೆಲ್ಲ ತುಂಬಿಕೊಂಡಿತು.

ಇಷ್ಟು ಹೊಗಳಿಕೆ ಬರೆಯಲ್ಲ ಎಂದು ಬನ್ನಕ್ಕ ಈಗಷ್ಟೇ ಪೆನ್ನು ಕೆಳಗಿಟ್ಟಿದ್ದಳು. ಹಟ ಹಿಡಿದು ಬರೆಸಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಪ್ಪ

ತಾ.ಕ.: ಒಂದು ಮಾತು ಗಂಟಲಲ್ಲೇ ಉಳಿದಿದೆ. ನಿನ್ನೆ ಮರಳಿನ ಮೇಲೆ ಕೂತಿದ್ದಾಗ ಬನ್ನಕ್ಕ, "ಮಗಳು ನೋಡೋಕೆ ಹೇಗಿದ್ದಾಳೆ?" ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ. ನಿನ್ನ ದನಿ ಬಂತು, ನಗು ಬಂತು, ಭುಜದ ಅಳತೆಯೂ ಬಂತು, ಹದಿನಾಲ್ಕು ಇಂಚು. ಮುಖ ಬರಲಿಲ್ಲ. ತೀರಿಹೋದ ನಿನ್ನ ಅಮ್ಮನ ಮುಖ ಹಾಗೇ ಇದೆ, ನಿನ್ನದು ಜಾರಿಹೋಗಿದೆ. ರಜೆ ಸಿಕ್ಕ ಕೂಡಲೇ ಬಾ. ಎದುರಿಗೆ ಕೂತುಕೋ, ಮುಟ್ಟಿ ನೋಡುತ್ತೇನೆ.