ನಮ್ಮ ಮನೆಯ ಒಲೆ ಆರಿಲ್ಲ, ಅಧಿಕಾರಿಗಳೇ

ತಮಿಳುನಾಡು ಸುನಾಮಿ ಸಹಾಯವಾಣಿಯ ಅಧಿಕಾರಿಗಳೇ,

ಈ ಶುಕ್ರವಾರ ಬೆಳಗಿನ ಜಾವ ಮೂರು ಇಪ್ಪತ್ತಕ್ಕೆ ನಮ್ಮ ಮನೆಯ ಫೋನು ಎರಡು ಸಲ ಬಡಿದುಕೊಂಡು ನಿಂತಿತು. ಹಾಲು ಕುಡಿಯುತ್ತಿದ್ದ ಮಗುವನ್ನು ಬಿಡಿಸಿ ಮಲಗಿಸಿ ನಾನು ಓಡುವಷ್ಟರಲ್ಲಿ ಬರೀ ಗುಂಯ್‌ಗುಟ್ಟುವ ಸದ್ದು. ಮಾಡಿದವರು ನನ್ನ ಗಂಡನೋ, ತಪ್ಪು ನಂಬರು ಒತ್ತಿದ ಕುಡುಕನೋ ಗೊತ್ತಿಲ್ಲ. ನೀವಂತೂ ಅಲ್ಲ. ಹನ್ನೆರಡು ದಿನದಲ್ಲಿ ನಾನು ನಿಮಗೆ ಹತ್ತೊಂಬತ್ತು ಸಲ ಫೋನು ಮಾಡಿದ್ದೇನೆ. ಕಾಣೆಯಾದವರ ಪಟ್ಟಿಯಲ್ಲಿ ನನ್ನ ಗಂಡನ ಹೆಸರು ಬರೆದುಕೊಳ್ಳುವುದಕ್ಕೂ ನೀವು ಒಪ್ಪಿಲ್ಲ. ನನ್ನ ದೂರು ಇಷ್ಟೇ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಲು ಬಾರದಿದ್ದರೆ ಓದಿ ಹೇಳುವವರನ್ನು ಹುಡುಕಿಕೊಳ್ಳಿ. ಇಷ್ಟು ದಿನ ನಾನು ನಿಮ್ಮ ತಮಿಳಿನಲ್ಲೇ ಬೇಡಿದ್ದೇನಲ್ಲ?

ನನ್ನ ಗಂಡ ನಟರಾಜ್ ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಫೋನು ಮಾಡುತ್ತಿದ್ದರು. ಡಿಸೆಂಬರ್ ಇಪ್ಪತ್ತಾರರ ಭಾನುವಾರ ಬೆಳಿಗ್ಗೆ ಸಮುದ್ರ ಎದ್ದು ಬಂತು. ರಾತ್ರಿ ಫೋನು ಬರಲಿಲ್ಲ. ಮರುವಾರವೂ ಬರಲಿಲ್ಲ. ನಮ್ಮತ್ತೆ ಬಸವಮ್ಮನವರು ತಾಳವಾಡಿ ಬೆಟ್ಟ ಬಿಟ್ಟು ಕೆಳಗಿಳಿದವರಲ್ಲ, ಸಮುದ್ರ ಕಂಡವರಲ್ಲ. ಟೀವಿ ಮುಂದೆ ಕೂತು ನನ್ನನ್ನು ಕೇಳಿದರು: "ಆ ಊರಲ್ಲಿ ಒಂದ್ ಬೆಟ್ಟನೂ ಇಲ್ವಾ ಕಣವ್ವ? ಅತ್ಕಬೌದಿತ್ತಲ್ಲ ನನ್ ಮಗ." ತಮ್ಮ ದ್ವೀಪದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಎಂದರೆ ಶಾಲೆಯ ತಾರಸಿ ಎಂದು ನನ್ನ ಗಂಡನೇ ದೀಪಾವಳಿಯ ಕಾಗದದಲ್ಲಿ ತಮಾಷೆಯಾಗಿ ಬರೆದಿದ್ದರು.

ಈಗ ನಿಮ್ಮ ಸಹಾಯವಾಣಿಯ ನ್ಯಾಯಕ್ಕೆ ಬರೋಣ. ಅವರ ಪಾಸ್‌ಪೋರ್ಟಿನಲ್ಲಿರುವುದು ಚಾಮರಾಜನಗರದ ವಿಳಾಸ, ನಾದಿನಿಯ ಮನೆಯದು. ನಮ್ಮ ಬೆಟ್ಟದವರಿಗೆ ಇದೇನೂ ಹೊಸದಲ್ಲ. ನಮಗೆ ಈರೋಡು ಒಂದು ದಿನದ ಪ್ರಯಾಣ, ಚಾಮರಾಜನಗರ ಒಂದು ಬಸ್ಸು. ಆಸ್ಪತ್ರೆ, ಸಂತೆ, ಹೆಣ್ಣು ಕೊಡುವುದು ತರುವುದು ಎಲ್ಲ ಆ ಕಡೆಗೇ. ಓಟು, ರೇಷನ್ನು ಮಾತ್ರ ಈ ತಮಿಳುನಾಡಿನ ಕಡೆ. ಅಲ್ಲಾದರೆ ಪಾಸ್‌ಪೋರ್ಟು ಬೇಗ ಕೈಗೆ ಸಿಗುತ್ತದೆ ಎಂದು ಆ ವಿಳಾಸ ಬರೆಸಿದೆವು. ಬರೆಸಿದೆವು ಅನ್ನುವುದೇನು ಬಂತು, ಬರೆದದ್ದು ನಾನೇ. ಬಿ.ಎಸ್‌ಸಿ. ಓದಿದ ಸೊಸೆ, ಅರ್ಜಿ ತುಂಬುವುದರಲ್ಲಿ ಜಾಣೆ! ಹನ್ನೆರಡು ರಾತ್ರಿಯಿಂದ ಆ ಅಕ್ಷರಗಳು ನನ್ನ ಕಣ್ಣೆದುರೇ ಇವೆ.

ಆ ತಪ್ಪಿಗೆ ನೀವು ಕೊಟ್ಟ ಶಿಕ್ಷೆ ನೋಡಿ. "ಅಮ್ಮಾ, ಇದು ಕರ್ನಾಟಕದ ಕೇಸು. ಅಲ್ಲಿ ಕೇಳಿ," ಎಂದಿರಿ. ಅಲ್ಲಿ ಕೇಳಿದೆ. "ನೀವು ಮಾತಾಡ್ತಿರೋದು ಈರೋಡು ಜಿಲ್ಲೆಯಿಂದ. ನಿಮ್ಮವರನ್ನೇ ಕೇಳಿ," ಎಂದರು. ಮತ್ತೆ ನಿಮಗೆ ಮಾಡಿದೆ. "ಇಲ್ಲಿ ನಮ್ಮ ಕರಾವಳಿಯಲ್ಲೇ ಹೆಣ ಎತ್ತಿ ಮುಗಿದಿಲ್ಲ, ನಿಮ್ಮ ಫಾರಿನ್ ಮೇಷ್ಟ್ರು ಯಾರಿಗೆ ಬೇಕು?" ಎಂದಿರಿ. ಆ ಹೆಣಗಳ ಮೇಲಾಣೆ, ನನಗದು ಗೊತ್ತು. ಸಮುದ್ರಕ್ಕೆ ಇಳಿದು ಹುಡುಕಿ ಎಂದೆನೇ? ಒಂದು ಸಾಲು ಬರೆದುಕೊಳ್ಳಿ ಎಂದೆ. ಅಲೆ ಬಂದಾಗ ಅದು ಯಾರ ಪಾಸ್‌ಪೋರ್ಟಾದರೂ ತೆಗೆದು ನೋಡಿತೇ, ಸ್ವಾಮಿ?

ಇತ್ತ ಊರಿನವರು ನಿಮ್ಮಷ್ಟು ನಿಧಾನದವರಲ್ಲ. ಸಾವಾದ ಮನೆಯಲ್ಲಿ ನಮ್ಮ ಕಡೆ ಒಲೆ ಹಚ್ಚುವುದಿಲ್ಲ, ನೆರೆಯವರು ಅಡುಗೆ ಮಾಡಿ ತರುತ್ತಾರೆ. ಬುಧವಾರ ಪಕ್ಕದ ಮನೆಯ ಶಿವಮಲ್ಲಮ್ಮ ಸೆರಗಿನಡಿ ಅನ್ನ ಸಾರು ಮುಚ್ಚಿಕೊಂಡು ಬಂದರು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಯಾರ್ ಸತ್ರು ಅಂತ ಅನ್ನ ತಂದಿಯೇ?"

"ಅಂಗಲ್ಲ ಕಣಕ್ಕ, ಮಗಿಗೆ ಆಲು ಕೊಡೋಳು, ಅಸ್ಕಂಡ್ ಇರಬಾರ್ದು ಅಂತ..."

"ನನ್ ಒಲೆ ಬಿದ್ದೋಗದಾ? ತಕಂಡೋಗು. ನಿನ್ ಮಗನ್ಗೆ ಇಕ್ಕು, ಚೆನ್ನಾಗ್ ಉಣ್ಲಿ!"

ಶಿವಮಲ್ಲಮ್ಮ ಅಳುತ್ತಾ ಹೋದರು. ಆಮೇಲೆ ಅತ್ತೆ ಹಸಿ ಸೌದೆ ತಂದು ಒಲೆಗೆ ತುಂಬಿದರು, ಹೊಗೆ ಊರಿಗೆಲ್ಲ ಕಾಣಲಿ ಎಂದು. ಅಂದಿನಿಂದ ನಮ್ಮ ಒಲೆ ಆರಿಲ್ಲ. ಮಗು ಕೆಮ್ಮುತ್ತಿದೆ. ಹಸಿ ಸೌದೆ ಸಾಕು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಕುಲದ ಯಜಮಾನ ಮಹದೇವಪ್ಪನವರು ಗಡುವು ಕೊಟ್ಟಿದ್ದಾರೆ. "ಸ್ವಾಮಾರ ಅಮಾಸೆ. ಬೆಳಗಾಗೋದ್ರೊಳ್ಗೆ ಸುದ್ದಿ ಬರ್ನಿಲ್ಲ ಅಂದ್ರೆ ಕಾರ್ಯ ಮಾಡ್ಬುಡವ. ಎಷ್ಟ್ ದಿನ ಅಂತ ಅವನ್ನ ನಡುದಾರೀಲಿ ನಿಲ್ಸಿಕತೀರಿ?" ಅಂದು ನನ್ನ ಬಳೆ ಒಡೆಯುತ್ತಾರೆ, ನಮ್ಮ ಒಲೆಗೆ ನೀರು ಸುರಿಯುತ್ತಾರೆ. ಬದುಕಿರುವವರಿಗೆ ಕಾರ್ಯ ಮಾಡಿದ ಪಾಪ ಯಾವ ರಾಜ್ಯದ್ದು ಎಂದು ಆಮೇಲೆ ನೀವೇ ತೀರ್ಮಾನಿಸಿ.

ನಾನು ಕ್ಷಮಿಸುವವಳಲ್ಲ. ನಿಮ್ಮ ಹೆಸರು ಕೇಳಿದೆ, ಹೇಳಲಿಲ್ಲ. ಬೇಡ, ದನಿ ಸಾಕು. ನೀವಾಡಿದ ಒಂದೊಂದು ಮಾತನ್ನೂ ಗಂಟೆ ಸಮೇತ ಗಂಡನ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನನ್ನ ಮಗಳು ಸ್ಪಂದನ ಅಕ್ಷರ ಕಲಿತ ದಿನ ಅವಳಿಗೆ ಮೊದಲು ಓದಿಸುವುದು ಅದನ್ನೇ. ನಿಮ್ಮ ಮನೆಯ ಫೋನೂ ಒಂದು ರಾತ್ರಿ ಎರಡು ಸಲ ಬಡಿದು ನಿಲ್ಲಲಿ. ನಿಮ್ಮವರನ್ನು ಹುಡುಕಿಕೊಂಡು ನೀವು ಹೋದ ಮೇಜಿನ ಹಿಂದೆ ನಿಮ್ಮಂಥವರೇ ಕೂತಿರಲಿ. ಇದಕ್ಕಿಂತ ದೊಡ್ಡ ಶಾಪ ನನಗೆ ಗೊತ್ತಿಲ್ಲ.

ಈ ಕಾಗದವನ್ನು ಮೈದುನ ಸೋಮಣ್ಣ ಇವತ್ತೇ ಚಾಮರಾಜನಗರದಿಂದ ಪತ್ರಿಕೆಗೆ ಫ್ಯಾಕ್ಸ್ ಮಾಡುತ್ತಾನೆ. ಭಾನುವಾರ ಅಚ್ಚು ಹಾಕುತ್ತೇವೆ ಎಂದಿದ್ದಾರೆ ಪತ್ರಿಕೆಯವರು. ಓದಿದ ಮೇಲೆ ನಿಮಗೆ ಒಂದು ಹಗಲು, ಒಂದು ರಾತ್ರಿ ಇದೆ. ಅವರ ಹೆಸರನ್ನು ಯಾವ ರಾಜ್ಯದ ಪಟ್ಟಿಗಾದರೂ ಸೇರಿಸಿ, ಆ ದ್ವೀಪವನ್ನು ವಿಚಾರಿಸಿ. ನನ್ನ ನಂಬರು ನಿಮ್ಮಲ್ಲಿ ಹತ್ತೊಂಬತ್ತು ಸಲ ಇದೆ. ಮೇಲೆ ಬರೆದ ಶಾಪ ಬೇಕಾದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಿಮ್ಮ ಕಾಲಿಗೂ ಬೀಳುತ್ತೇನೆ. ಸುದ್ದಿ ಇಲ್ಲದಿದ್ದರೂ ಸರಿ, ಹುಡುಕುತ್ತಿದ್ದೇವೆ ಎಂದಷ್ಟು ಹೇಳಿ, ನಾನದನ್ನು ಮಹದೇವಪ್ಪನವರಿಗೆ ಹೇಳುತ್ತೇನೆ. ಸೋಮವಾರ ಬೆಳಗಾಗುವ ಮುಂಚೆ ಫೋನು ಮಾಡಿ. ಎರಡೇ ಸಲಕ್ಕೆ ಇಟ್ಟುಬಿಡಬೇಡಿ. ಮಗು ಕೈಯಲ್ಲಿರುತ್ತದೆ, ನಾನು ಬರುವ ತನಕ ಬಡಿಯಲು ಬಿಡಿ.

ಇಂತಿ,
ಫೋನಿನ ಪಕ್ಕದ ಚಾಪೆಯ ಮೇಲಿಂದ,
ಎರಡು ರಾಜ್ಯಗಳಿಗೂ ಬೇಡವಾದ ಮೇಷ್ಟ್ರ ಹೆಂಡತಿ